ಎರಡು ತಾಸಿನ ಕುರ್ಚಿ

ಮಿಲ್ಲಿನಾಗ ಮೂವತ್ತೊಂದು ವರ್ಷ ನಿಂತೆ,
ಈಗ ಕುಂತರೆ ದುಡ್ಡು ಕೊಡ್ತಾರೆ.
ಎರಡು ತಾಸು, ನಡುವೆ ಒಂದು ಚಹಾ,
ಅಲ್ಲಾಡಬಾರದು ಅಷ್ಟೆ.
ಹಾಲಮ್ಮ ನಗ್ತಾಳೆ: 'ಮನ್ಯಾಗೂ ಅದನ್ನೇ ಮಾಡ್ತಿದ್ದಿ,
ಪುಕ್ಕಟೆ.'

ದಾವಣಗೆರೆಯ ಚಿತ್ರಕಲಾ ಶಾಲೆ. ಹೆಂಚಿನ ತೂತಿನಿಂದ
ಬಿಸಿಲಿನ ಬಿಲ್ಲೆಯೊಂದು ಹತ್ತು ಗಂಟೆಗೆ
ನನ್ನ ಮೊಣಕಾಲ ಮ್ಯಾಲೆ ಬೀಳತೈತಿ,
ಹನ್ನೊಂದೂವರೆಗೆ ನೆಲಕ್ಕೆ ಇಳಿದಿರತೈತಿ.
ಗಡಿಯಾರ ಬೇಕಾಗಿಲ್ಲ.

ಹದಿನಾಲ್ಕು ಹುಡುಗ್ರು, ಹದಿನಾಲ್ಕು ಹಲಗೆ.
ಕುಬೇರಪ್ಪ ಮೇಷ್ಟ್ರು ಅಂದರು:
'ಇವತ್ತು ಹಾಳೆ ನೋಡೋ ಹಂಗಿಲ್ಲ.
ಕಣ್ಣು ಅಂಜಿನಪ್ಪನ ಕಿವಿ ಮ್ಯಾಲೆ ಇರುವೆ ಹರಿದಂಗೆ ಹರೀಲಿ,
ಇರುವೆ ನಿಂತಲ್ಲಿ ಪೆನ್ಸಿಲ್ಲೂ ನಿಲ್ಲಲಿ.'
ಖರೇನೇ ಕಿವಿ ಕಡಿಯಾಕ ಹತ್ತಿತು.
ತುರಿಸೋ ಹಂಗಿಲ್ಲ.

ಮುಗಿದ ಮ್ಯಾಲೆ ತೋರಿಸಿದರು.
ಒಬ್ಬನ ಹಾಳೆಯಾಗ ನನ್ನ ಮೂಗು ಗಲ್ಲ ದಾಟಿ ಹೋಗೈತಿ,
ಇನ್ನೊಬ್ಬಾಕಿದರಾಗ ಕಣ್ಣೆರಡೂ ಒಂದೇ ಕಡೆ ಜಾರ್ಯಾವೆ.
ಮೇಷ್ಟ್ರಿಗೆ ಖುಷಿಯೋ ಖುಷಿ: 'ಭೇಷ್, ಇದು ನೋಡಿದ ಗೆರೆ!'
ಥೇಟ್ ನನ್ನಂಗೇ ಬರೆದ ಚೌಡೇಶನಿಗೆ ಮಾತ್ರ
'ಕದ್ದು ನೋಡೀಯ' ಅಂದರು.

ಮರುವಾರ ಇನ್ನೊಂದು ಆಟ.
'ಅಂಜಿನಪ್ಪನ್ನ ಬರೀಬ್ಯಾಡ್ರಿ.
ಸೊಂಟಕ್ಕೂ ಮೊಣಕೈಗೂ ನಡುವೆ ಸಂದು ಐತಲ್ಲ, ಅದನ್ನ ಬರೀರಿ.
ಕುರ್ಚಿ ಕಾಲುಗಳ ನಡುವಿನ ಬಯಲು ಬರೀರಿ.'
ಇಲ್ಲದ್ದನ್ನ ಬರಿಯೋಕೆ ನಾನ್ಯಾಕೆ ಕುಂತಿರಬೇಕು
ಅಂತ ಒಳಗೊಳಗೇ ಅಂದುಕೊಂಡೆ.
ಆಮೇಲೆ ನೋಡಿದರೆ ಸಂದುಗಳೆಲ್ಲ ಕರ್ರಗೆ ತುಂಬ್ಯಾವೆ,
ನಡುವಿನ ಬಿಳೇ ಜಾಗದಾಗ ಯಾರೋ ಕುಂತಾರೆ.
ನಾನೇ.

ಮಗ್ಗದ ಮುಂದೂ ನಾನು ಎಳೆ ನೋಡ್ತಿರಲಿಲ್ಲ.
ಎರಡು ಸಾವಿರ ಎಳೆ ಯಾವನ ಕಣ್ಣಿಗೆ ಸಿಗ್ತಾವೆ?
ಒಂದು ಹರಿದಲ್ಲಿ ಕೂದಲಷ್ಟು ಸಂದು,
ಅದರಾಗಿಂದ ಆಚೆಕಡೆಯ ದೀಪ ಚುಚ್ಚುತಿತ್ತು.
ಅದನ್ನ ಹಿಡಿಯೋದಕ್ಕೇ ನನಗೆ ಪಗಾರ.
ಮಿಲ್ಲು ಮುಚ್ಚಿ ಗೋಡೆಯಾಗ ಆಲದ ಸಸಿ ಹುಟ್ಟೈತಿ,
ನಾನಿನ್ನೂ ಪಂಚೆ ಕೊಳ್ಳಾಕ ಹೋದರೆ
ಅಂಗಡಿ ದೀಪಕ್ಕೆ ಹಿಡಿದು ನೋಡ್ತೀನಿ.
ಅಂಗಡಿಯವನಿಗೆ ಸಿಟ್ಟು.

ಮೂರನೇ ವಾರ ಬರೀ ಕೈ.
ತಸ್ಮಿಯಾ ಅಂತ ಒಬ್ಬಾಕಿ, ಮಂಡಕ್ಕಿ ಭಟ್ಟಿಯ ಮನೆತನ,
ದುಪಟ್ಟಾಕ್ಕೆ ಹೊಟ್ಟಿನ ಹೊಗೆ ವಾಸನೆ.
ಇದ್ದಿಲಿನಾಗ ನೆರಳು, ನರ, ಸುಕ್ಕು, ಎಲ್ಲ ತಂದಿದ್ದಳು.
ಮೇಷ್ಟ್ರು ಹಿಂದೆ ಬಂದು ನಿಂತರು.
'ಎಷ್ಟು ಬೆರಳಮ್ಮ?'
'ಐದು ಸರ್.'
'ಎಣಿಸಿದೇನು, ಗೊತ್ತಿತ್ತೇನು?'

ಆಕಿ ನನ್ನ ಎಡಗೈ ನೋಡಿದಳು.
ತೋರುಬೆರಳು ಒಂದೇ ಗೆಣ್ಣಿಗೆ ಮುಗೀತೈತಿ.
ಒಂದು ತಾಸು ಎದುರಿಗೇ ಕುಂತು
ಇಲ್ಲದ ಎರಡು ಗೆಣ್ಣು ಬರೆದಿದ್ದಳು, ಉಗುರು ಸಮೇತ.

ಮುಖ ಕೆಂಪಗಾಗಿ ರಬ್ಬರ್ ತಗೊಂಡಳು.
ಅಲ್ಲಾಡದವನು ಅವತ್ತು ಅಲ್ಲಾಡಿದೆ.
'ತಡಿ ಮಗಾ, ನೋಡ್ತೀನಿ.'
ಎಂಬತ್ತೇಳರಾಗ ಹೋದ ಬೆರಳು.
ನನ್ನ ಉಗುರು ಹಂಗೇ ಇತ್ತು.
ಅಲ್ಲ, ಇನ್ನೂ ಅಗಲ ಇತ್ತು.
ನೆನಪಿಲ್ಲ.

'ಅಳಿಸು' ಅಂದರು ಮೇಷ್ಟ್ರು. ಅವರ ಮಾತೂ ಖರೆ.
ಎಳೆ ಐತಿ ಅಂತ ತಿಳಿದು ಮಗ್ಗ ಬಿಟ್ಟರೆ ಥಾನೇ ಹಾಳು.
ಅಳಿಸಿದಳು. ಇದ್ದಿಲು ಪೂರ್ತಿ ಹೋಗೋದಿಲ್ಲ,
ಬೂದಿಬಣ್ಣದ ಎರಡು ಗೆಣ್ಣು
ಹಾಳೆ ಮ್ಯಾಲೆ ತೇಲಿಕೊಂಡೇ ಉಳಿದವು.

ಮರುದಿನ ಬಾಗಿಲಲ್ಲೇ ನಿಲ್ಲಿಸಿ ಹೇಳಿದಳು:
'ನಿನ್ನೆ ರಾತ್ರಿ ದಾದಿಯ ಕೈ ಎಣಿಸಿದೆ ಅಜ್ಜಾ.
ಐದೇ ಇದಾವೆ. ಆದರೆ ಹೆಬ್ಬೆರಳು ಹೊರಗೆ ಬಾಗಿದೆ,
ಜರಡಿ ಹಿಡಿದು ಹಿಡಿದು.
ಹತ್ತೊಂಬತ್ತು ವರ್ಷ ಆ ಕೈಯಿಂದಲೇ ಉಂಡೀನಿ.'

ಸಂಜೆ ಹಾಲಮ್ಮ ಸೊಂಟದ ಮ್ಯಾಲೆ ಕೈಯಿಟ್ಟು
ಒಲೆ ಮುಂದೆ ನಿಂತಿದ್ದಳು.
ಮೊಣಕೈಗೂ ಸೆರಗಿಗೂ ನಡುವೆ
ಮಾವಿನ ವಾಟೆಯಂಥ ಒಂದು ಸಂದು,
ಅದರಾಗ ಉರಿ.
'ಏನು ನೋಡ್ತೀ?'
'ಅಲ್ಲಾಡಬ್ಯಾಡ' ಅಂದೆ.
'ದುಡ್ಡು ಕೊಡ್ತೀಯೇನು?' ಅಂದಳು.
ಅಲ್ಲಾಡಲಿಲ್ಲ.